ಡಿಎನ್‌ಎ ಸಿಕ್ಕಿತು, ಇನ್ನೇನು ಬೇಕು?

ಆರೋಪಿಯ ಡಿಎನ್‌ಎ ಹೊಂದಿಕೆಯಾಯಿತು ಎಂಬ ಸುದ್ದಿ ಬಂದ ಕೂಡಲೇ ನಾವು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡುತ್ತೇವೆ. ಆಮೇಲೆ ಅವನು ಏನು ಹೇಳಿದರೂ ನೆಪ. ನನ್ನ ತಕರಾರು ವಿಜ್ಞಾನದ ಮೇಲಲ್ಲ, ಈ ಅವಸರದ ಮೇಲೆ.

2006ರಲ್ಲಿ ಮೆಲ್ಬರ್ನ್‌ನ ನೈಟ್‌ಕ್ಲಬ್ ಒಂದರ ಶೌಚಾಲಯದಲ್ಲಿ ಮಹಿಳೆಯೊಬ್ಬರು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಏನಾಯಿತೆಂದು ಅವರಿಗೆ ನೆನಪಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ಮಾದರಿಯಲ್ಲಿ ಯುವಕನೊಬ್ಬನ ಡಿಎನ್‌ಎ ಸಿಕ್ಕಿತು. ಅವನನ್ನು ಕ್ಲಬ್ಬಿನಲ್ಲಿ ಕಂಡವರು ಒಬ್ಬರೂ ಇಲ್ಲ. ಆ ರಾತ್ರಿ ಕಾಯಿಲೆ ಬಿದ್ದ ತಂದೆಯ ಬಳಿ ಇದ್ದೆ ಎಂದು ಅವನು ಹೇಳಿದ, ಮನೆಯವರೂ ಹಾಗೆಯೇ ಸಾಕ್ಷಿ ನುಡಿದರು. ಜ್ಯೂರಿ ನಂಬಲಿಲ್ಲ. 2008ರಲ್ಲಿ ಅತ್ಯಾಚಾರದ ಅಪರಾಧಕ್ಕೆ 6 ವರ್ಷ ಜೈಲು.

ಆಮೇಲೆ ಹೊರಬಿದ್ದ ಸಂಗತಿ ಇದು: ಸುಮಾರು ಒಂದು ದಿನ ಮೊದಲು ಅದೇ ಆಸ್ಪತ್ರೆಯಲ್ಲಿ ಅದೇ ವೈದ್ಯರು ಇನ್ನೊಬ್ಬ ಮಹಿಳೆಯ ಮಾದರಿಯನ್ನು ತೆಗೆದಿದ್ದರು. ಈ ಯುವಕನ ಡಿಎನ್‌ಎ ಅದರಲ್ಲಿತ್ತು. (ಆ ಸಂಬಂಧ ಅವನ ಮೇಲೆ ಆರೋಪ ಹೊರಿಸಿರಲಿಲ್ಲ.) ಅಲ್ಲಿಂದ ಇಲ್ಲಿಗೆ ದಾಟಿರಬೇಕು. 2009ರ ಡಿಸೆಂಬರ್‌ನಲ್ಲಿ ಶಿಕ್ಷೆ ರದ್ದಾಯಿತು. ನನಗೆ ಸಿಟ್ಟು ಬರುವುದು ಆ ಮಾಲಿನ್ಯದ ಬಗ್ಗೆ ಅಲ್ಲ. ಕೈತಪ್ಪು ಎಲ್ಲ ಕಡೆ ಆಗುತ್ತದೆ. ಒಳಗಿನಿಂದ ಹಾಕಿದ ಚಿಲಕ ಎಲ್ಲರ ಕಣ್ಣೆದುರೇ ಇತ್ತಲ್ಲ! ಪೊಲೀಸರು, ವಕೀಲರು, ಜ್ಯೂರಿ, ಇಷ್ಟು ಜನರಲ್ಲಿ ಯಾರನ್ನೂ ಅದು ತಡೆದು ನಿಲ್ಲಿಸಲಿಲ್ಲ.

ಡಿಎನ್‌ಎ ಯಾರದು ಎಂದು ಪ್ರಯೋಗಾಲಯ ಹೇಳಬಲ್ಲದು. ಅದು ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಎಂಬುದನ್ನು ಬೇರೆ ಸಾಕ್ಷ್ಯಗಳಿಂದಲೇ ಕಂಡುಕೊಳ್ಳಬೇಕು.

ಅಂಕಿಯ ಮೋಡಿಯೂ ಕಡಿಮೆಯದಲ್ಲ. ಒಂದು ಅಪೂರ್ಣ ಮಾದರಿ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಹೊಂದುತ್ತದೆ ಎನ್ನೋಣ. ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆಯೂ ಹತ್ತು ಲಕ್ಷಕ್ಕೆ ಒಂದು ಎಂದು ಕೇಳುವವರ ಕಿವಿಗೆ ಬೀಳುತ್ತದೆ. ಆದರೆ 50 ಲಕ್ಷ ಜನರ ನಗರದಲ್ಲಿ ಅಂಥವರು ಸುಮಾರು 5 ಮಂದಿ ಇರಬಹುದು. ಬೇರೇನೂ ಸಾಕ್ಷ್ಯವಿಲ್ಲದಿದ್ದರೆ ಇವನೇ ಎಂದು ಹೇಗೆ ಹೇಳುವುದು? ಸೀಸೆ ಅದಲುಬದಲಾಗುವ ಸಾಧ್ಯತೆಯನ್ನಂತೂ ಆ ಲೆಕ್ಕ ಮುಟ್ಟುವುದೇ ಇಲ್ಲ.

ಹಲವರ ಡಿಎನ್‌ಎ ಬೆರೆತ ಮಾದರಿಯಲ್ಲಿ ತಜ್ಞರ ಅಭಿಪ್ರಾಯವೇ ಒಡೆಯುತ್ತದೆ. ಅಮೆರಿಕದ ಸಾಮೂಹಿಕ ಅತ್ಯಾಚಾರ ಪ್ರಕರಣವೊಂದರಲ್ಲಿ ಆರೋಪಿಯನ್ನು ಹೊರಗಿಡಲಾಗದು, ಅಂದರೆ ಮಾದರಿಯಲ್ಲಿ ಅವನ ಡಿಎನ್‌ಎ ಇರಬಹುದು ಎಂದು ಪ್ರಕರಣದ ಹಿನ್ನೆಲೆ ಗೊತ್ತಿದ್ದ ಮೂಲ ತಜ್ಞರು ಹೇಳಿದ್ದರು. ಅದೇ ದತ್ತಾಂಶವನ್ನು, ಆ ಹಿನ್ನೆಲೆ ತಿಳಿಸದೆ, ಬೇರೆ 17 ತಜ್ಞರಿಗೆ ಕೊಟ್ಟು ನೋಡಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು: ಮೂಲ ಅಭಿಪ್ರಾಯವನ್ನು ಒಪ್ಪಿದವರು ಒಬ್ಬರೇ. 4 ಮಂದಿ ಏನೂ ಹೇಳಲಾಗದು ಎಂದರು, 12 ಮಂದಿ ಅವನನ್ನು ಹೊರಗಿಟ್ಟರು. ಹಾಗಾಗಿ ಮಾದರಿಯ ಜೊತೆ ಪ್ರಕರಣದ ಕಥೆಯನ್ನೂ ತಜ್ಞರ ಮೇಜಿಗೆ ಕಳಿಸುವ ರೂಢಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಿಲ್ಲಲಿ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.