ಗೆದ್ದಾದ ಮೇಲೆ ಆಡುವುದೇನನ್ನು?

ಕಳೆದ ಆಷಾಢದಲ್ಲಿ, ಮೂರು ದಿನದಿಂದ ಬಿಡದೆ ಹಿಡಿದ ಮಳೆಯಲ್ಲಿ, ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಾನು 'ಯೂರೋಪಾ ಯೂನಿವರ್ಸಾಲಿಸ್ 4' ಎಂಬ, ರಾಜ್ಯ ಕಟ್ಟಿ ಬೆಳೆಸುವ ಕಂಪ್ಯೂಟರ್ ಆಟ ಆಡುತ್ತಿದ್ದೆ. ರಜೆಗೆಂದು ಬಂದಿದ್ದ ಅಕ್ಕನ ಮಗ ಹಿಂದೆ ನಿಂತು ಅರ್ಧ ಗಂಟೆ ನೋಡಿದವನು ಕೊನೆಗೆ ತಡೆಯಲಾರದೆ ಕೇಳಿದ: "ಮಾವ, ನೀವು ಗೆದ್ದು ಆಗಿದೆಯಲ್ಲ, ಇನ್ನೂ ಯಾಕೆ ಆಡ್ತಾ ಇದೀರಿ?" ನನ್ನಲ್ಲಿ ಉತ್ತರವಿರಲಿಲ್ಲ. ತೆರೆಯ ಮೇಲೆ ವಿಜಯನಗರದ ಬಣ್ಣ ಕನ್ಯಾಕುಮಾರಿಯಿಂದ ನರ್ಮದೆಯವರೆಗೆ ಹರಡಿತ್ತು. ಆಟದಲ್ಲಿ 1565 ಬಂದು ಹೋಗಿತ್ತು; ಆದರೆ ತಾಳಿಕೋಟೆಯ ಯುದ್ಧವನ್ನು ಮಾಡಲು ದಖ್ಖನ್ನಿನಲ್ಲಿ ಒಬ್ಬ ಸುಲ್ತಾನನನ್ನೂ ನಾನು ಉಳಿಸಿರಲಿಲ್ಲ.

ಇತಿಹಾಸವನ್ನು ಆಧರಿಸಿದ ತಂತ್ರದ ಆಟಗಳನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆಡುತ್ತಿರುವವನಾಗಿ ಹೇಳುವುದಾದರೆ, ಈ ಆಟಗಳು ಹಳತಾಗುವುದು ಸೋತಾಗಲ್ಲ, ಗೆದ್ದಾಗ. ಈಗ ಹೇಳಿದ ಆಟ ಆರಂಭವಾಗುವುದು 1444ರ ನವೆಂಬರ್ 11ರಂದು, ಮುಗಿಯುವುದು 1821ರಲ್ಲಿ. ಈ 376 ವರ್ಷಗಳಲ್ಲಿ ಮೊದಲ ನೂರು ವರ್ಷಗಳಷ್ಟೇ ಎದೆ ಹೊಡೆದುಕೊಳ್ಳುವಂತೆ ಸಾಗುತ್ತವೆ. ಆಮೇಲಿನದು ಬಹುಮಟ್ಟಿಗೆ ಗುಮಾಸ್ತಿಕೆ. 2025ರಲ್ಲಿ ಬಂದ, ಇದೇ ಬಗೆಯ 'ಸಿವಿಲೈಸೇಶನ್ 7' ಇಡೀ ಆಟವನ್ನು ಮೂರು ಯುಗಗಳಾಗಿ ಕತ್ತರಿಸಿ, ಪ್ರತಿ ಯುಗಕ್ಕೂ ಬೇರೆ ನಾಗರಿಕತೆಯನ್ನು ಆರಿಸಿಕೊಳ್ಳುವಂತೆ ಮಾಡಿದ್ದಕ್ಕೆ, ಆಟಗಾರರು ಶುರು ಮಾಡಿದ್ದನ್ನು ಮುಗಿಸುವುದೇ ಇಲ್ಲ ಎಂಬುದೂ ಒಂದು ಕಾರಣವೆಂದು ಅದರ ತಯಾರಕರೇ ಒಪ್ಪಿಕೊಂಡಿದ್ದಾರೆ. ರೋಗ ಅವರಿಗೂ ಗೊತ್ತಿದೆ. ಮದ್ದಿನ ಬಗ್ಗೆ ಮಾತ್ರ ನನಗೆ ಅನುಮಾನ. ಕಟ್ಟಿದ ರಾಜ್ಯದ ಹೆಸರನ್ನೇ ನಡುವೆ ಬದಲಿಸಿಬಿಟ್ಟರೆ ಅದು ಉಳಿದೀತೋ ಇಲ್ಲವೋ ಎಂಬ ಅಳುಕೂ ಅದರ ಜೊತೆಗೆ ಹೋಗಿಬಿಡುತ್ತದೆ.

ಹೊಸ ಡಿಎಲ್‌ಸಿ, ಅಂದರೆ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ವಿಸ್ತರಣೆ, ಕೊಂಡರೆ ಆಟ ಹೊಸದಾಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಹೊಸ ಗುಂಡಿಗಳು, ಹೊಸ ಚಿತ್ರಗಳು, ಹೊಸ ಅಧಿಕಾರಗಳು ಬರುತ್ತವೆ. ಅವೆಲ್ಲವೂ ಹೆಚ್ಚಾಗಿ ಆಟಗಾರನಿಗೇ ಬಲ ತುಂಬುವುದರಿಂದ, ಹದಿನೈದು ದಿನಗಳ ಬಳಿಕ ಗೆಲುವು ಇನ್ನಷ್ಟು ಬೇಗ ಸಿಗುತ್ತದೆ, ಬೇಸರವೂ ಅಷ್ಟೇ ಬೇಗ ಹತ್ತುತ್ತದೆ. ಇದಕ್ಕೆ ನನಗೆ ಕಂಡ ಒಳ್ಳೆಯ ಅಪವಾದ 'ಏಜ್ ಆಫ್ ಎಂಪೈರ್ಸ್ 2'. ಶಿವಮೊಗ್ಗದ ಸೈಬರ್ ಸೆಂಟರೊಂದರಲ್ಲಿ ಗಂಟೆಗಿಷ್ಟು ಎಂದು ಕೊಟ್ಟು, ಕಾಲೇಜಿನ ಗೆಳೆಯರೊಂದಿಗೆ ನಾನು ಆಡಿದ, 1999ರಲ್ಲಿ ಹೊರಬಂದ ಆ ಆಟಕ್ಕೆ ಇಂದಿಗೂ ಜನರಿದ್ದಾರೆ. ಪ್ರತಿ ಸಲವೂ ಮ್ಯಾಪ್ ಹೊಸದಾಗಿ ಹುಟ್ಟುವುದು ಒಂದು ಕಾರಣವಾದರೆ, ಕೊಡುವಾಗ ಒಂದನ್ನು ಕಿತ್ತುಕೊಳ್ಳುವ ಬುದ್ಧಿ ಅದರ ತಯಾರಕರಿಗೆ ಇರುವುದು ಇನ್ನೊಂದು. 2022ರಲ್ಲಿ ಬಂದ ಭಾರತದ ರಾಜವಂಶಗಳ ವಿಸ್ತರಣೆಯಲ್ಲಿ, ಆಟಗಾರ ಆರಿಸಿಕೊಳ್ಳಬಹುದಾದ ಜನಾಂಗಗಳಲ್ಲಿ ಒಂದಾದ ದ್ರಾವಿಡರಿಗೆ, ಒಂದೊಂದು ಯುಗ ಮೇಲೇರಿದಾಗಲೂ 200 ಮರ ಉಚಿತವಾಗಿ ಸಿಗುತ್ತದೆ. ಆದರೆ ಉಳಿದ ಹಲವರ ಬೆನ್ನೆಲುಬಾದ ನೈಟ್ ಕುದುರೆ ಸವಾರರು ಅವರಿಗಿಲ್ಲ. ಇಪ್ಪತ್ತು ವರ್ಷ ಕುದುರೆಯನ್ನೇ ನಂಬಿದ ಕೈ ಅಲ್ಲಿ ಮತ್ತೆ ಮೊದಲಿನಿಂದ ಅಕ್ಷರಾಭ್ಯಾಸ ಮಾಡಬೇಕಾಗುತ್ತದೆ.

ಅಳಿಯನ ಪ್ರಶ್ನೆಯ ನಂತರ ನಾನು ಮಾಡಿದ್ದೂ ಅದನ್ನೇ: ನನ್ನ ಕೈಯಿಂದ ನಾನೇ ಕಿತ್ತುಕೊಳ್ಳತೊಡಗಿದೆ. ಮೊದಲು, ನಾನಾಡಿದ ವಿಜಯನಗರದಲ್ಲಿ ತಾಳಿಕೋಟೆ ಯಾಕೆ ನಡೆಯುವುದಿಲ್ಲ ಎಂದು ಯೋಚಿಸಿದೆ. ಆಟದಲ್ಲಿ ನೆರೆಯವರ ನೆಲವನ್ನು ನುಂಗಿದಷ್ಟೂ ಅಸಮಾಧಾನ ಬೆಳೆದು, ಮಿತಿ ಮೀರಿದರೆ ಅವರೆಲ್ಲ ಒಕ್ಕೂಟ ಕಟ್ಟಿಕೊಂಡು ಮೇಲೆ ಬೀಳುತ್ತಾರೆ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್‌ಗಳು ಸೇರಿ ಮಾಡಿದ್ದೂ ಅದೇ. ಆದರೆ ಆಟದಲ್ಲಿ ಆ ಅಸಮಾಧಾನಕ್ಕೆ ಒಂದು ಅಂಕಿಯಿದೆ, ಅದು ವರ್ಷದಿಂದ ವರ್ಷಕ್ಕೆ ತಾನಾಗಿ ಇಳಿಯುತ್ತದೆ, ಮತ್ತು ಅದನ್ನು ನಾನು ನೋಡಬಲ್ಲೆ. ಇಳಿಯುವವರೆಗೆ ಕಾದು, ಒಂದು ತುತ್ತು ತಿಂದು, ಮತ್ತೆ ಕಾಯುವವನಿಗೆ ತಾಳಿಕೋಟೆ ಎಂದೂ ಒದಗುವುದಿಲ್ಲ. ಅಳಿಯ ರಾಮರಾಯನ ಮುಂದೆ ಇಂಥ ಅಂಕಿಯಿರಲಿಲ್ಲ.

ಆದ್ದರಿಂದ ಹೊಸ ಆಟದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡೆ. ಅರಸನೊಬ್ಬ ತೀರಿಕೊಂಡು ಹೊಸಬ ಪಟ್ಟಕ್ಕೆ ಬಂದಾಗಲೆಲ್ಲ, ಸಾಧ್ಯವಿರುವ ಕಡೆ ನನ್ನ ನೆಲದ ಒಂದು ಭಾಗವನ್ನು ಸಾಮಂತನಿಗೆ ಬಿಟ್ಟುಕೊಡಬೇಕು, ಅದನ್ನು ಮರಳಿ ನನ್ನೊಳಗೆ ಸೇರಿಸಿಕೊಳ್ಳಬಾರದು. ವಿಜಯನಗರದ ನಾಯಕರ ವ್ಯವಸ್ಥೆಯ ಒರಟು ನಕಲು ಇದು ಎಂದು ಬೇಕಾದರೆ ಹೇಳಬಹುದು. ಆಟದಲ್ಲಿ ಸಾಮಂತರೆಲ್ಲರ ಬಲ ಸೇರಿ ಒಡೆಯನ ಬಲಕ್ಕೆ ಸಮನಾಗುತ್ತ ಬಂದಂತೆ ಅವರಲ್ಲಿ ಸ್ವಾತಂತ್ರ್ಯದ ಬಯಕೆ ಏರುತ್ತದೆ. ಮೊದಲ ಐವತ್ತು ವರ್ಷ ಇದು ನನಗೆ ತಟ್ಟಲೇ ಇಲ್ಲ. 1540ರ ಹೊತ್ತಿಗೆ, ಉತ್ತರದ ಗಡಿಗೆ ಸೈನ್ಯ ಕಳುಹಿಸುವ ಮೊದಲು ಬೆನ್ನ ಹಿಂದಿನ ಸಾಮಂತರ ಮುಖ ನೋಡುವ ಸ್ಥಿತಿ ಬಂತು. ಒಬ್ಬನಿಗೆ ಹಣ, ಇನ್ನೊಬ್ಬನಿಗೆ ಹೆಣ್ಣು ಕೊಟ್ಟು ತಂದ ಸಂಬಂಧ, ಮತ್ತೊಬ್ಬನ ಸಾಲವನ್ನು ನಾನೇ ತೀರಿಸುವುದು; ಮಾಡಿದರೂ ಮಾಡಿದರೂ ಮುಗಿಯುವುದಿಲ್ಲ. ಮಲೆನಾಡಿನಲ್ಲಿ ಆಳಿದ ಕೆಳದಿಯವರೂ ವಿಜಯನಗರದ ನಾಯಕರಾಗಿದ್ದು, ಅದು ಕುಸಿದ ಮೇಲೆ ಸ್ವತಂತ್ರರಾದವರೇ. ಕೆಳದಿಯ ಗುಡಿಯನ್ನು ನೋಡುತ್ತಲೇ ಬೆಳೆದ ನಾನು, ಹಂಪೆಯ ಸಿಂಹಾಸನದಲ್ಲಿ ಕುಳಿತು ಕೆಳದಿಯಂಥವರಿಗೇ ಹೆದರುತ್ತ ಆಡಿದ ಆ ಒಂದು ತಿಂಗಳು, ಹಿಂದಿನ ಹತ್ತು ಆಟಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಇನ್ನೊಂದು ಕಟ್ಟುಪಾಡು, ಕೆಟ್ಟಾಗ ಹಿಂದಿನ ಸೇವ್, ಅಂದರೆ ಮೊದಲೇ ಉಳಿಸಿಟ್ಟ ಆಟ, ತೆರೆಯಬಾರದು ಎಂಬುದು. ಆಟದಲ್ಲೇ ಅದಕ್ಕೆ ಐರನ್‌ಮ್ಯಾನ್ ಎಂಬ ಬಗೆಯಿದೆ. ಅದರಲ್ಲಿ ಇರುವುದು ಒಂದೇ ಸೇವ್, ಅದನ್ನೂ ಆಟವೇ ಬರೆದುಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟು ಹೋಗುವ ಹೊತ್ತನ್ನು ಮಾತ್ರ ಯಾವ ತಯಾರಕನೂ ಲೆಕ್ಕಕ್ಕೆ ಹಿಡಿದಿಲ್ಲ. ಯುಪಿಎಸ್ ಇಲ್ಲದೆ ಈ ವ್ರತ ಹಿಡಿಯಬೇಡಿ.

ನನ್ನ ಒಂದು ತಕರಾರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೆದ್ದ ನೆಲವನ್ನು ಆಳುವ ಕೆಲಸ ಈ ಆಟಗಳಲ್ಲಿ ತೀರಾ ಸಪ್ಪೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನನ್ನು ನಮ್ಮ ಕಡೆಯವರು ನೆನೆಯುವುದು ಅವನು ಗೆದ್ದ ಕೋಟೆಗಳಿಗಿಂತ ಹೆಚ್ಚಾಗಿ ಅವನ ಶಿಸ್ತಿಗಾಗಿ, ಅಂದರೆ ಜಮೀನಿನ ಗುಣ ಮತ್ತು ಹುಟ್ಟುವಳಿಯನ್ನು ನೋಡಿ ಕಂದಾಯ ನಿಗದಿ ಮಾಡಿದ ಅವನ ವ್ಯವಸ್ಥೆಗಾಗಿ. ಆಟದಲ್ಲಿ ಅದೇ ಕೆಲಸಕ್ಕೆ ಒಂದು ಗುಂಡಿ ಒತ್ತಿದರೆ ಸಾಕು, ಅಂಕಿ ಒಂದರಷ್ಟು ಮೇಲೇರುತ್ತದೆ. ವ್ಯಾಪಾರದ್ದೂ ಅದೇ ಕಥೆ: 'ಯೂರೋಪಾ ಯೂನಿವರ್ಸಾಲಿಸ್' ಆಟದಲ್ಲಿ ಸರಕಿನ ದಾರಿಗಳು ಮೊದಲೇ ಕೊರೆದಿಟ್ಟಂಥವು, ಎಲ್ಲವೂ ಕೊನೆಗೆ ಇಂಗ್ಲಿಷ್ ಕಾಲುವೆ, ಜಿನೋವಾ, ವೆನಿಸ್‌ಗಳ ಕಡೆಗೇ ಹರಿಯುತ್ತವೆ. ಕರಾವಳಿಯ ಮೆಣಸನ್ನು ಹಿಡಿದಿಟ್ಟುಕೊಂಡು ಪೋರ್ಚುಗೀಸರಿಂದಲೇ ಮೆಣಸಿನ ರಾಣಿ ಎನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ನಕ್ಷೆಯನ್ನು ಕಂಡಿದ್ದರೆ ನಕ್ಕುಬಿಡುತ್ತಿದ್ದಳು.

ರಜೆ ಮುಗಿಯುವ ಮೊದಲು ಅಳಿಯನೂ ನಾನೂ ಏಜ್ ಆಫ್ ಎಂಪೈರ್ಸಿನ ಸಿನಾರಿಯೊ ಎಡಿಟರ್‌ನಲ್ಲಿ, ಅಂದರೆ ನಮ್ಮದೇ ನಕ್ಷೆ ಮಾಡಿಕೊಳ್ಳುವ ಸಾಧನದಲ್ಲಿ, ಕೆಳದಿಯವರ ಕೋಟೆಯಾದ ಕವಲೇದುರ್ಗವನ್ನು ಕಟ್ಟಿದೆವು. ಸುತ್ತು ಸುತ್ತಾಗಿ ಮೇಲೇರುವ ಗೋಡೆ, ಎರಡೇ ಬಾಗಿಲು, ಹೊರಗೆಲ್ಲ ಒಂದು ಇರುವೆಯೂ ನುಸುಳದಷ್ಟು ದಟ್ಟ ಕಾಡು. ಆ ಆಟದಲ್ಲಿ ಎತ್ತರದಿಂದ ಹೊಡೆದರೆ ಪೆಟ್ಟಿನ ಬಲ ಕಾಲು ಭಾಗ ಹೆಚ್ಚುವುದರಿಂದ, ಗುಡ್ಡದ ಮೇಲೆ ಬಿಲ್ಲಾಳುಗಳನ್ನು ನಿಲ್ಲಿಸಿ, ಬಾಗಿಲುಗಳನ್ನು ಭದ್ರಪಡಿಸಿ ನಿಶ್ಚಿಂತನಾಗಿ ಕುಳಿತೆ. ಅವನು ಬಾಗಿಲ ಕಡೆಗೆ ಬರಲೇ ಇಲ್ಲ. ಕಲ್ಲು ಎಸೆಯುವ ಆನೇಜರ್ ಯಂತ್ರಗಳನ್ನು ತಂದು, ಹಿಂಬದಿಯ ಕಾಡನ್ನೇ ಹೊಡೆದು ಬಯಲು ಮಾಡಿಕೊಂಡು, ನಾನು ಒಬ್ಬ ಕಾವಲಿನವನನ್ನೂ ಇಡದಿದ್ದ ಗೋಡೆಗೆ ಬಂದು ನಿಂತ. 1763ರಲ್ಲಿ ಹೈದರ್ ಅಲಿಗೆ ಕೆಳದಿಯವರ ರಾಜಧಾನಿ ಬಿದನೂರು ದಕ್ಕಿದ್ದು ಕಾಡಿನೊಳಗಿನ ಗುಪ್ತ ದಾರಿ ಬಲ್ಲವನೊಬ್ಬನ ನೆರವಿನಿಂದ ಎನ್ನುತ್ತಾರೆ. ಅದನ್ನು ಓದಿಕೊಂಡಿದ್ದೂ ನಾನು ಕಾಡನ್ನೇ ನಂಬಿದ್ದೆ. ಹನ್ನೆರಡನೆಯ ನಿಮಿಷಕ್ಕೆ ಕೋಟೆ ಹೋಯಿತು. ಅವನು ಊರಿಗೆ ಹೊರಡುವ ಹಿಂದಿನ ರಾತ್ರಿ ನಾನು ಕಾಡಿನ ನಡುವೆ ಎರಡು ಕಾವಲು ಗೋಪುರ ಸೇರಿಸಿಟ್ಟಿದ್ದೇನೆ. ದಸರಾ ರಜೆಗೆ ಬರುತ್ತಾನಂತೆ. ಗೋಪುರದ ವಿಷಯ ಅವನಿಗೆ ಹೇಳಿಲ್ಲ.