ಚಿತ್ರದ ಮುಂದೆ ಎಷ್ಟು ಹೊತ್ತು?

ತಿಪಟೂರಿನಿಂದ ಚಿಕ್ಕಪ್ಪ ಬಂದಿದ್ದರು. ಬಂದವರಿಗೆಲ್ಲ ಲಾಲ್‌ಬಾಗು, ಕಬ್ಬನ್ ಪಾರ್ಕು ಸುತ್ತಿಸಿ ನನಗೂ ಸಾಕಾಗಿತ್ತು. ಅವತ್ತು ಜನವರಿಯ ಮೊದಲ ಭಾನುವಾರ. ಚಿತ್ರಸಂತೆಗೆ ಹೋಗೋಣ ಅಂದೆ. ಸಂತೆ ಅಂದಿದ್ದೇ ತಡ, ಕೈಚೀಲ ಹಿಡಿದು ನಿಂತರು.

ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಸಂತೆ ಇದು. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ಗಾಡಿಗಳಿಲ್ಲ, ಚಿತ್ರಗಳದ್ದೇ ಕಾರುಬಾರು. ಕೆಲವು ಗೋಡೆಗೆ ಒರಗಿವೆ, ಕೆಲವು ಹಗ್ಗಕ್ಕೆ ತೂಗಿವೆ, ಪಕ್ಕದಲ್ಲೇ ಬರೆದವರು ಬಿಸಿಲಿಗೆ ಛತ್ರಿ ಹಿಡಿದು ಕೂತಿದ್ದಾರೆ. ಚಿಕ್ಕಪ್ಪ ಒಂದು ತೆಂಗಿನ ತೋಟದ ಚಿತ್ರದ ಮುಂದೆ ನಿಂತರು. ಕೊಬ್ಬರಿ ಗಿಟುಕು ನೋಡುವ ಹಾಗೆ ಚೌಕಟ್ಟನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ಬರೆದ ಹುಡುಗನಿಗೆ, "ಗರಿ ಚೆನ್ನಾಗಿ ಬಂದಿದೆ ಮಗಾ, ಆದ್ರೆ ಗೊನೆ ಇಷ್ಟು ಕೆಳಗೆ ಇರಲ್ಲ" ಅಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಹುಡುಗ ಮಾತ್ರ ಮೊಬೈಲ್ ತೆಗೆದು, ಗೊನೆ ಎಲ್ಲಿಂದ ಹೊರಡುತ್ತೆ ಅಂತ ಬರೆದುಕೊಂಡ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಕೊನೆಗೂ ಚಿಕ್ಕಪ್ಪ ಚಿತ್ರ ಕೊಳ್ಳಲಿಲ್ಲ ಬಿಡಿ.

ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ, ಹಾಗಾಗಿ ಮಂಗಳವಾರ ಹೋದೆವು. ಹಳೆಯ ಮಾಣಿಕ್ಯವೇಲು ಬಂಗಲೆ, 2009ರಲ್ಲಿ ಗ್ಯಾಲರಿಯಾಗಿ ಬಾಗಿಲು ತೆರೆಯಿತು. ಒಳಗೆ ಚಪ್ಪಲಿ ಸದ್ದೂ ಜಾಸ್ತಿ ಅನ್ನಿಸುವಷ್ಟು ಮೌನ. ಸಂತೆಯಲ್ಲಿ ಅಷ್ಟು ಮಾತಾಡಿದ ಮನುಷ್ಯ ಇಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು, ಪಿಸುದನಿಯಲ್ಲಿ ಕೇಳಿದರು: "ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಬೇಕು ಕಣೋ?"

ನನಗೆಲ್ಲಿ ಗೊತ್ತು! ನಾನು ಮನಸ್ಸಲ್ಲೇ ಇಪ್ಪತ್ತರವರೆಗೆ ಎಣಿಸಿ, ತಲೆ ಸ್ವಲ್ಪ ವಾರೆ ಮಾಡಿ ಮುಂದೆ ಹೋಗುವವನು. ಹತ್ತಕ್ಕೇ ಹೊರಟರೆ ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಭಯ, ಅಷ್ಟೇ. ಗೊನೆ ತಪ್ಪು ಅನ್ನುವ ಧೈರ್ಯ ನನಗೆ ಒಂದು ದಿನವೂ ಬಂದಿಲ್ಲ.

ಸಿನಿಮೋತ್ಸವದಲ್ಲಿ ಈ ಲೆಕ್ಕ ಇಲ್ಲ. ಸಿನಿಮಾ ಎಷ್ಟು ಹೊತ್ತೋ ಅಷ್ಟು ಹೊತ್ತು ಕೂರುವುದು. ಬೆಂಗಳೂರಿನ ಅಂತಾರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಶುರುವಾಯಿತು. ಕೊರಳಿಗೆ ಪಾಸು ನೇತುಹಾಕಿಕೊಂಡು ದಿನಕ್ಕೆ ನಾಲ್ಕು ಸಿನಿಮಾ ನೋಡುವವರಿದ್ದಾರೆ. ನನಗೆ ಮೂರನೆಯದಕ್ಕೇ ನಿದ್ದೆ, ಎದ್ದಾಗ ಯಾರು ಸತ್ತಿದ್ದು ಅಂತ ಪಕ್ಕದವರನ್ನು ಕೇಳಬೇಕು. ಒಮ್ಮೆ ಎಲ್ಲೋ ಒಂದು ಉತ್ಸವದಲ್ಲಿ ಒಂದೂವರೆ ಗಂಟೆ ಕ್ಯೂನಲ್ಲಿ ನಿಂತು, ಬಾಗಿಲ ಹತ್ತಿರ ಬರುವಷ್ಟರಲ್ಲಿ ಸೀಟು ಭರ್ತಿ ಅಂದರು.

ಊರಿಗೆ ಹೊರಟ ಚಿಕ್ಕಪ್ಪನಿಗೆ, ಮುಂದಿನ ಸಲ ಸಿನಿಮೋತ್ಸವಕ್ಕೇ ಬನ್ನಿ ಅಂದೆ.

"ಕೂತ್ಕೊಳ್ಳೋಕೆ ಜಾಗ ಇರುತ್ತಲ್ವಾ?" ಅಂದರು.

ಕುರ್ಚಿ ಮೆತ್ತಗಿರುತ್ತೆ ಅಂದೆ. ಕ್ಯೂ ವಿಷಯ ಎತ್ತಲಿಲ್ಲ.