ಗವರ್ನರರ ದವಡೆ, ನಮ್ಮ ದೋಸೆ

2013ರ ಆಗಸ್ಟ್ ಕೊನೆಗೆ ಡಾಲರ್ ಬೆಲೆ 68 ರೂಪಾಯಿ ದಾಟಿತ್ತು. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ರೂಪಾಯಿ ಚೇತರಿಸಿಕೊಂಡಿತು. ಅನಿವಾಸಿ ಭಾರತೀಯರ ಡಾಲರ್ ಠೇವಣಿ ತಂದ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ವಿನಿಮಯದ ರಿಯಾಯಿತಿ ಕೊಟ್ಟದ್ದು ಇದಕ್ಕೊಂದು ಕಾರಣ. ಇಂಥ ಒಣ ವಿಷಯ ಯಾರಿಗೆ ಬೇಕು? ಪತ್ರಿಕೆಗಳು ಅವರ ದವಡೆಯನ್ನೂ ನಿಲುವನ್ನೂ ಹೊಗಳಿ, ‘ರಾಕ್‌ಸ್ಟಾರ್’ ಎಂದು ಕರೆದವು. ಗವರ್ನರರ ಚೆಲುವು ಕಂಡೇ ರೂಪಾಯಿ ಎದ್ದು ಕುಳಿತಿತೆಂಬ ಭಾವ ಊರೆಲ್ಲ ಹಬ್ಬಿತು.

2015ರಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿಯನ್ನು, ಶೇ. 7.25ರಿಂದ 6.75ಕ್ಕೆ ಇಳಿಸಿ, ‘ನನ್ನ ಹೆಸರು ರಘುರಾಮ್ ರಾಜನ್, ನಾನು ಮಾಡುವುದನ್ನು ಮಾಡುತ್ತೇನೆ’ ಎಂದರು. ಶಿಳ್ಳೆ ಬಿದ್ದದ್ದು ಡೈಲಾಗಿಗೆ. ರೆಪೊ ಎಂದರೇನು ಎಂದು ಕೇಳಿದವರು ಕಡಿಮೆ.

ಅವರ ಬಾಳಿನ ನಿಜವಾದ ಧೈರ್ಯದ ಮಾತಿಗೆ ಚಪ್ಪಾಳೆಯೇ ಇರಲಿಲ್ಲ. 2005ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ, ಆ ದೇಶದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಅಲನ್ ಗ್ರೀನ್‌ಸ್ಪಾನ್‌ರನ್ನು ಕೊಂಡಾಡಲು ಸೇರಿದ್ದ ಸಭೆಯಲ್ಲಿ, ಹಣಕಾಸಿನ ಹೊಸ ಆಟಗಳು ಜಗತ್ತಿಗೆ ಅಪಾಯ ತರಬಹುದು ಎಂದಿದ್ದರು. ಮದುವೆ ಮನೆಯಲ್ಲಿ ಚಪ್ಪರದ ಕಂಬಕ್ಕೆ ಗೆದ್ದಲು ಹಿಡಿದಿದೆ ಎಂದ ನೆಂಟನ ಪಾಡಾಯಿತು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಚಪ್ಪರ ಕುಸಿಯಿತು.

2022ರ ಡಿಸೆಂಬರಿನಲ್ಲಿ ರಾಹುಲ್ ಗಾಂಧಿಯವರ ಜೊತೆ ರಾಜಸ್ಥಾನದಲ್ಲಿ ನಾಲ್ಕು ಹೆಜ್ಜೆ ನಡೆದದ್ದೇ ತಡ, ಅರ್ಧ ದೇಶಕ್ಕೆ ಅದೇ ದವಡೆ ವಕ್ರವಾಗಿ ಕಂಡಿತು, ಉಳಿದರ್ಧಕ್ಕೆ ಇನ್ನಷ್ಟು ಸುಂದರವಾಯಿತು. ಮುಂದಿನ ವರ್ಷ ಶೇ. 5ರ ಬೆಳವಣಿಗೆ ಆದರೆ ಅದೃಷ್ಟ ಎಂದಿದ್ದರು, ಬೆಳವಣಿಗೆ ಅದನ್ನು ಸಲೀಸಾಗಿ ದಾಟಿತು. ಭವಿಷ್ಯ ತಪ್ಪಿದ ಜೋಯಿಸರಿಗೆ ಮತ್ತೆ ದಕ್ಷಿಣೆ ಇಡುವ ನಾವು, ಈ ಜೋಯಿಸರನ್ನು ಮಾತ್ರ ಬಿಡಲಿಲ್ಲ.

ಮೊನ್ನೆ ದರ್ಶಿನಿಯಲ್ಲಿ ನಮ್ಮ ಬೀದಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಸಿಕ್ಕಿದರು. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಬಟ್ಟಲ ತಳದಿಂದ ಹಿಟ್ಟನ್ನು ಹರಡುತ್ತಿದ್ದರು. ದೋಸೆ ಬೆಲೆ ಏಕೆ ಇಳಿಯುವುದಿಲ್ಲ ಎಂದು ಕೊಚ್ಚಿಯಲ್ಲಿ ಹುಡುಗಿಯೊಬ್ಬಳು ಕೇಳಿದಾಗ ರಾಜನ್ ಹೇಳಿದ್ದು ಈ ಕಾವಲಿಯ ಮಾತನ್ನೇ: ಹುಯ್ಯುವ ತಂತ್ರ ಬದಲಾಗಿಲ್ಲ, ಹುಯ್ಯುವವನ ಕೂಲಿ ಏರಿದೆ.

ಬಡ್ಡಿ ಇಳಿಯಿತೆಂದು ನಮ್ಮ ನಿವೃತ್ತರು ಗೊಣಗಿದರು. ರಾಜನ್ ಅವರ ದೋಸೆ ಲೆಕ್ಕವನ್ನು ಕಾಗದದ ತುಂಡಿನ ಮೇಲೆ ಬರೆದು ತೋರಿಸಿದೆ. ಕೈಯಲ್ಲಿ ಒಂದು ಲಕ್ಷ ರೂಪಾಯಿ, ದೋಸೆಗೆ 50. ಬಡ್ಡಿಯೂ ಬೆಲೆಯೇರಿಕೆಯೂ ಶೇ. 10 ಆದರೆ ವರ್ಷದ ಕೊನೆಗೂ 2000 ದೋಸೆಯೇ. ಬಡ್ಡಿ ಶೇ. 8ಕ್ಕೆ ಇಳಿದರೂ ಬೆಲೆಯೇರಿಕೆ ಶೇ. 5.5 ಇದ್ದರೆ ಸುಮಾರು 2047. ಅಂದರೆ ಬಡ್ಡಿ ಇಳಿದು ನಿಮಗೆ 47 ದೋಸೆ ಲಾಭ.

ಅವರು ಕಾಗದವನ್ನು ಹತ್ತಿರ ಎಳೆದುಕೊಂಡರು, ಎರಡು ಸಲ ಓದಿದರು, ಅದರಲ್ಲೇ ಬೆರಳಿನ ತುಪ್ಪ ಒರೆಸಿಕೊಂಡರು.

“ಲೆಕ್ಕ ಹಾಗಿರಲಿ ಸ್ವಾಮಿ, ಅವರು ಈಗ ಯಾರ ಕಡೆ?”